ಹಳೇ ಗಾಡಿ ಅಂದ್ರೆ ಸೋರಲೇಬೇಕಾ?

“ಹಳೇ ಗಾಡಿ ಅಲ್ವಾ, ಸೋರುತ್ತೆ ಬಿಡಣ್ಣ.” ಗೌರಿಬಿದನೂರು ಕಡೆ ಯಾವ ಗ್ಯಾರೇಜಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವನು ಮೆಕ್ಯಾನಿಕ್, ತಲೆಯಾಡಿಸುವವನು ಗಾಡಿಯ ಯಜಮಾನ. ಅವನಿಗೆ ಎಂಜಿನ್ ಬಿಚ್ಚುವ ಶ್ರಮ ತಪ್ಪಿತು, ಇವನಿಗೆ ದುಡ್ಡು ಉಳಿಯಿತು. ಇಬ್ಬರಿಗೂ ಅನುಕೂಲವಾದ ಸುಳ್ಳು ಇದು. ಎಷ್ಟು ವರ್ಷದಿಂದ ಹೇಳಿಕೊಂಡು ಬಂದಿದ್ದೇವೆ ಎಂದರೆ, ಈಗ ನಿಜವೆಂದೇ ನಂಬಿಬಿಟ್ಟಿದ್ದೇವೆ.

ಅಲೀಪುರದವರಿಗೆ ಇದನ್ನು ಮೊದಲು ಹೇಳಬೇಕು. ಹರಳಿನ ವ್ಯಾಪಾರಕ್ಕೆ ಹೆಸರಾದ ಊರು ಅದು. ಮಸೂರ ಹಿಡಿದು ಕಲ್ಲಿನೊಳಗಿನ ಕೂದಲೆಳೆ ಬಿರುಕನ್ನು ಹಿಡಿಯಬಲ್ಲವರು ಮನೆ ಮುಂದೆ ನಿಂತ ಸ್ಪ್ಲೆಂಡರಿನ ಕೆಳಗೆ ದಿನದಿನಕ್ಕೂ ಅಗಲವಾಗುವ ಕಪ್ಪು ಕಲೆಯನ್ನು ನೋಡುವುದಿಲ್ಲ. ನೋಡಿದರೂ ಅದರ ಮೇಲೊಂದು ರಟ್ಟು ಹಾಸಿ ಸುಮ್ಮನಾಗುತ್ತಾರೆ. ಕಣ್ಣಿಗೆ ಶಕ್ತಿಯಿಲ್ಲದೆ ಅಲ್ಲ, ಮನಸ್ಸಿಲ್ಲದೆ. ಮಂಚೇನಹಳ್ಳಿ, ತೊಂಡೇಭಾವಿ, ಚಿಂತಾಮಣಿ ಎಲ್ಲೆಡೆಯೂ ಇದೇ ಕಥೆ.

ವಯಸ್ಸಾದ ಎಂಜಿನ್ ಸೋರುವುದು ವಿಧಿಯಲ್ಲ. ಒಂದು ಕಾಲಕ್ಕೆ ಬ್ರಿಟಿಷ್ ಬೈಕುಗಳನ್ನು ಓಡಿಸುವವರೂ ಎಣ್ಣೆ ಸೋರುವುದನ್ನು ಗಾಡಿಯ ಗುಣವೆಂದೇ ಒಪ್ಪಿಕೊಂಡಿದ್ದರು. 1969ರಲ್ಲಿ ಹೊಂಡಾ ಕಂಪನಿ ಸಿಬಿ750 ತಂದಾಗ ಅದರ ಕ್ರ್ಯಾಂಕ್‌ಕೇಸನ್ನು ಅಡ್ಡಲಾಗಿ ಸೀಳಿ ಜೋಡಿಸಿತ್ತು. ಜೋಡಣೆ ಅಚ್ಚುಕಟ್ಟಾಗಿದ್ದರೆ ಹನಿ ಬೀಳುವುದಿಲ್ಲ ಎಂಬುದು ಆಗ ಜಗತ್ತಿಗೇ ಗೊತ್ತಾಯಿತು. ನಮ್ಮ ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿಯನ್ನು ಇವತ್ತಿಗೂ ಹನಿ ಸೋರದ ಎಂಜಿನ್ನಿನೊಂದಿಗೆ ಓಡಿಸುವವರಿದ್ದಾರೆ. ಅವರ ಗಾಡಿಯ ವಯಸ್ಸೇನು ಕಡಿಮೆಯಲ್ಲ. ಅವರು ಸೀಲು ಬದಲಿಸುತ್ತಾರೆ, ಅಷ್ಟೆ.

ಬದಲಿಸದಿದ್ದರೆ ಏನಾಗುತ್ತದೆ ಎಂದು ಕೇಳುತ್ತೀರಿ. 1985ರ ಸಿಡಿ100 ಇರಲಿ, 1994ರ ಸ್ಪ್ಲೆಂಡರ್ ಇರಲಿ, ಎಂಜಿನ್ನಿನಲ್ಲಿ ಹಿಡಿಸುವುದೇ ಹೆಚ್ಚುಕಡಿಮೆ ಒಂದು ಲೀಟರು ಎಣ್ಣೆ. ಪಿಸ್ಟನ್, ಕ್ಯಾಮ್, ಕ್ಲಚ್, ಗೇರು ಎಲ್ಲವನ್ನೂ ಆ ಒಂದೇ ಲೀಟರು ಕಾಯಬೇಕು. ಕಡಿಮೆಯಾಯಿತೆಂದು ಎಚ್ಚರಿಸುವ ದೀಪ ಈ ಗಾಡಿಗಳಲ್ಲಿಲ್ಲ. ಹನಿಹನಿಯಾಗಿ ಹೋದದ್ದು ಹೆಡ್ಡಿನಲ್ಲಿ ಕಟಕಟ ಸದ್ದು ಎದ್ದಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಕ್ಯಾಮ್ ತೇದಿರುತ್ತದೆ. ಒಂದು ಪ್ಲೇಟ್ ಬಿರಿಯಾನಿಗಿಂತ ಅಗ್ಗದ ಸೀಲನ್ನು ಉಳಿಸಲು ಹೋಗಿ ಸಾವಿರಗಟ್ಟಲೆ ಸುರಿಯುವುದನ್ನು ಉಳಿತಾಯ ಅನ್ನಬೇಡಿ.

ಅದಕ್ಕಿಂತ ಘೋರವಾದದ್ದು ಬೇರೆ ಇದೆ. ಮುಂದಿನ ಸ್ಪ್ರಾಕೆಟ್ಟಿನ ಹಿಂದೆ ಕೂತ ಸೀಲು ಹೋದರೆ ಎಣ್ಣೆ ಚೈನಿಗೆ ಇಳಿದು, ಚೈನಿನ ಜೊತೆ ಹಿಂದಿನ ಚಕ್ರಕ್ಕೆ ತಲುಪಿ, ಟೈರಿನ ಮೈಗೆ ಸಿಡಿಯುತ್ತದೆ. ನಸುಕಿನಲ್ಲಿ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುವ ರೈತ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಿಂದೂಪುರದ ಕಡೆ ಹೊರಟವನು, ತಿರುವಿನಲ್ಲಿ ಗಾಡಿ ವಾಲಿಸಿದಾಗ ಹಿಡಿತ ಇಲ್ಲದ ಟೈರು ಅವರನ್ನು ಕೆಡವುತ್ತದೆ. ಬಿದ್ದ ಮೇಲೆ ರಸ್ತೆಯ ಜಲ್ಲಿಯನ್ನು ಬೈಯುತ್ತೇವೆ.

ಈಗ ಮೆಕ್ಯಾನಿಕ್‌ಗಳಿಗೆ ಒಂದು ಮಾತು. ಎಂಜಿನ್ನಿನ ತಳದಲ್ಲಿ ಹನಿ ತೂಗುತ್ತಿದೆ ಎಂದು ಡ್ರೈನ್ ಬೋಲ್ಟನ್ನು ಉದ್ದನೆಯ ಸ್ಪಾನರ್ ಹಾಕಿ ಇನ್ನೊಂದು ಸುತ್ತು ಬಿಗಿಯುತ್ತೀರಲ್ಲ, ಅದು ರಿಪೇರಿಯಲ್ಲ, ಅನಾಹುತ. ಆ ಬೋಲ್ಟಿಗೆ ಬೇಕಾದದ್ದು 25 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ, ಜೊತೆಗೊಂದು ಹೊಸ ವಾಷರ್. ಬೋಲ್ಟು ಕೂರುವ ಅಲ್ಯುಮಿನಿಯಂ ಮರೆ (ಥ್ರೆಡ್) ಒಮ್ಮೆ ಕಿತ್ತುಹೋದರೆ ಒಳಗೆ ಹೊಸ ಮರೆ ಕೂರಿಸದೆ ದಾರಿಯಿಲ್ಲ. ಅದೂ ಅಲ್ಲದೆ ಎಣ್ಣೆ ಕೆಳಕ್ಕೆ ಹರಿಯುತ್ತದೆ, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹನಿ ಬೀಳುವ ಜಾಗವೇ ಬೇರೆ, ಸೋರುವ ಜಾಗವೇ ಬೇರೆ. ಟ್ಯಾಪೆಟ್ ಮುಚ್ಚಳದ ಓ-ರಿಂಗ್ ಗಟ್ಟಿಯಾಗಿ ಬಿಟ್ಟ ಎಣ್ಣೆ ಸಿಲಿಂಡರಿನ ರೆಕ್ಕೆಗಳ ಮೇಲೆ ಇಳಿದು ಕ್ಲಚ್ ಕವರಿನ ಅಂಚಿನಲ್ಲಿ ನಿಲ್ಲುತ್ತದೆ. ನೀವು ಕ್ಲಚ್ ಕವರ್ ಬಿಚ್ಚುತ್ತೀರಿ, ಯಜಮಾನ ದುಡ್ಡು ಕೊಡುತ್ತಾನೆ, ವಾರದೊಳಗೆ ಮತ್ತೆ ಅದೇ ಕಲೆ. ಆಗ ಬಾಯಿಗೆ ಬರುವುದು “ಹಳೇ ಗಾಡಿ ಅಲ್ವಾ” ಅನ್ನುವ ಮಾತೇ.

ಸರಿಯಾದ ಕ್ರಮ ಕಷ್ಟದ್ದೇನಲ್ಲ, ತಾಳ್ಮೆ ಬೇಡುತ್ತದೆ. ಎಂಜಿನ್ ತಣ್ಣಗಿದ್ದಾಗ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ, ಬ್ರಶ್ಶಿನಿಂದ ಉಜ್ಜಿ, ವರ್ಷಗಳ ಮಣ್ಣು ಜಿಡ್ಡನ್ನೆಲ್ಲ ತೆಗೆಯಿರಿ. ಪೂರ್ತಿ ಒಣಗಲಿ. ಆಮೇಲೆ ಅನುಮಾನವಿರುವ ಕಡೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಬನ್ನಿ. ಬಿಳಿಯ ಮೇಲೆ ಕಪ್ಪು ಗೆರೆ ಎಲ್ಲಿಂದ ಹುಟ್ಟಿದೆಯೋ ಹುಡುಕಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ. ಎಡಗಡೆ ಸ್ಪ್ರಾಕೆಟ್ ಕವರಿನೊಳಗೆ ಜಿಡ್ಡು ಕಂಡರೆ ಅವಸರ ಪಡಬೇಡಿ. ಚೈನಿಗೆ ಹಾಕಿದ ಎಣ್ಣೆ ಸಿಡಿದು ಅಲ್ಲೇ ಗುಡ್ಡೆ ಬಿದ್ದಿರುತ್ತದೆ. ಅದನ್ನು ಒರೆಸಿ, ಗೇರ್ ಶಾಫ್ಟಿನ ಸೀಲನ್ನೂ ಸ್ಪ್ರಾಕೆಟ್ ಶಾಫ್ಟಿನ ಸೀಲನ್ನೂ ಬೇರೆಬೇರೆಯಾಗಿ ನೋಡಿ.

ಯಾವ ಗ್ಯಾಸ್ಕೆಟ್ಟಿಗೂ ಕೈ ಹಾಕುವ ಮೊದಲು ಬ್ರೀದರ್ ಪೈಪನ್ನು ಊದಿ ನೋಡಬೇಕು. ಇದನ್ನು ಮಾಡುವವರು ಬಹಳ ಕಡಿಮೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಪೈಪು ಮಡಚಿಕೊಂಡಿದ್ದರೆ, ಕಣಜ ಗೂಡು ಕಟ್ಟಿದ್ದರೆ, ಜಿಡ್ಡಿನಿಂದ ಮುಚ್ಚಿದ್ದರೆ ಕ್ರ್ಯಾಂಕ್‌ಕೇಸಿನೊಳಗಿನ ಗಾಳಿಗೆ ಹೊರದಾರಿಯಿಲ್ಲ. ಒತ್ತಡ ಏರಿ ಒಳ್ಳೆಯ ಸೀಲುಗಳಿಂದಲೂ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಹಳೆಯ ಕಬ್ಬಿಣದ ಸಿಲಿಂಡರಿನ ಬುಲೆಟ್ಟುಗಳಲ್ಲಿ ಬ್ರೀದರಿನ ತುದಿಗೆ ರಬ್ಬರಿನ ಒಮ್ಮುಖ ಕವಾಟವಿರುತ್ತದೆ. ಅದು ಕಲ್ಲಾದರೆ ಸಾಕು, ಇಡೀ ಎಂಜಿನ್ ಬೆವರುತ್ತದೆ. ಎಣ್ಣೆ ಅಳತೆ ಮೀರಿ ತುಂಬಿದರೂ ಇದೇ ಗತಿ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಸ್ಪ್ಲೆಂಡರಿನಲ್ಲಾದರೆ ಅಳತೆ ಕಡ್ಡಿಯನ್ನು ತಿರುಗಿಸದೆ ಸುಮ್ಮನೆ ಒಳಗಿಳಿಸಿ ನೋಡಬೇಕು. ಬ್ರೀದರಿನ ದಾರಿ ತೆರೆದಿದೆ, ಅಳತೆಯೂ ಸರಿಯಿದೆ, ಆದರೂ ಪೈಪಿನಿಂದ ಹೊಗೆಯೊಡನೆ ಎಣ್ಣೆ ಬರುತ್ತಿದೆ ಎಂದರೆ ಪಿಸ್ಟನ್ ರಿಂಗು ತೇದಿದೆ. ಅಲ್ಲಿ ಗ್ಯಾಸ್ಕೆಟ್ ಬದಲಿಸುವುದು ಗಿರಾಕಿಗೆ ಮಾಡುವ ಮೋಸ.

ಎಂ-ಸೀಲ್ ಮೆತ್ತುವುದನ್ನು ಇವತ್ತೇ ನಿಲ್ಲಿಸಿ. ಎಣ್ಣೆ ಸವರಿದ ಲೋಹಕ್ಕೆ ಅದು ಹಿಡಿಯುವುದೇ ಇಲ್ಲ. ಗ್ಯಾಸ್ಕೆಟ್ಟಿನ ಬದಲಿಗೆ ಅನಬಾಂಡ್ ಅಂಟನ್ನು ಟೂತ್‌ಪೇಸ್ಟಿನಂತೆ ಹಿಂಡುವುದು ಅದಕ್ಕಿಂತ ಕೆಟ್ಟದ್ದು. ಹೊರಗೆ ಉಕ್ಕಿದ್ದು ಕಾಣುತ್ತದೆ, ಒಳಗೆ ಉಕ್ಕಿದ್ದು ಕಾಣುವುದಿಲ್ಲ. ಒಳಗಿನದು ಕಳಚಿ ಎಣ್ಣೆಯ ಜಾಲರಿಗೆ, ಹೆಡ್ಡಿಗೆ ಹೋಗುವ ಸಣ್ಣ ದಾರಿಗೆ ಅಡ್ಡ ನಿಲ್ಲುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ನಿನ ಕುತ್ತಿಗೆ ಹಿಸುಕಿದ ಹಾಗೆ. ಹಳೆಯ ಗ್ಯಾಸ್ಕೆಟ್ ಕೆರೆಯಲು ಸ್ಕ್ರೂಡ್ರೈವರ್ ಬೇಡ, ಒಂದು ಗೀರು ಬಿದ್ದರೆ ಅದೇ ಮುಂದಿನ ಸೋರಿಕೆ. ಥಿನ್ನರ್ ಹಚ್ಚಿ ನೆನೆಯಲು ಬಿಟ್ಟು, ಮರದ ಅಥವಾ ಪ್ಲಾಸ್ಟಿಕ್ ಚೂರಿನಿಂದ ಎಬ್ಬಿಸಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಶಾಫ್ಟಿನ ಹಲ್ಲಿಗೆ ಟೇಪ್ ಸುತ್ತಿ, ಅದೇ ಅಗಲದ ಸಾಕೆಟ್ ಇಟ್ಟು ನೇರವಾಗಿ ಕೂರಿಸಿ. ಶಾಫ್ಟಿನ ಮೇಲೆ ಹಳೆಯ ಸೀಲು ಗೆರೆ ಕೊರೆದಿದ್ದರೆ, ಹೊಸದರ ತುಟಿ ಅದೇ ಗೆರೆಯ ಮೇಲೆ ಕೂರದಂತೆ ಕೂದಲಷ್ಟು ಆಚೀಚೆ ಸರಿಸಬೇಕು.

ಗಾಡಿಯ ಯಜಮಾನರೇ, ನಿಮ್ಮದೂ ತಪ್ಪಿದೆ. ಅರ್ಧ ಗಂಟೆಯಲ್ಲಿ ಮುಗಿಸಿಕೊಡು ಎಂದು ತಲೆಯ ಮೇಲೆ ನಿಲ್ಲುವವರು ನೀವು. ಪೌಡರ್ ಉದುರಿಸಿ ಹುಡುಕಿದ ಹೊತ್ತಿಗೆ ಕೂಲಿ ಕೊಡಲು ಹಿಂದೆಮುಂದೆ ನೋಡುವವರು ನೀವು. ಹುಡುಕುವುದೇ ಕೆಲಸದ ಮುಕ್ಕಾಲು ಪಾಲು, ಅದಕ್ಕೆ ದುಡ್ಡು ಕೊಡಿ. ಕಿತ್ತ ಸೀಲನ್ನು ಕೈಗೆ ಕೇಳಿ ತೆಗೆದುಕೊಳ್ಳಿ.

ಕೊನೆಗೆ, ಸೋರಿದ, ಬದಲಿಸಿದ ಎಣ್ಣೆಯೆಲ್ಲ ಹೋಗುವುದೆಲ್ಲಿ? ಗ್ಯಾರೇಜಿನ ಪಕ್ಕದ ಚರಂಡಿಗೆ, ಅಲ್ಲಿಂದ ಕೆರೆಗೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಕೊಳವೆಬಾವಿಯನ್ನು ಆಳಕ್ಕೆ ಇಳಿಸಿದಷ್ಟೂ ಫ್ಲೋರೈಡ್ ಬೆರೆತ ನೀರು. ಒಮ್ಮೆ ಬದಲಿಸಿದ ಎಂಜಿನ್ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂಸ್ಥೆ ಎಚ್ಚರಿಸುತ್ತದೆ. ಅಲ್ಲಿಗಿಂತ ನೀರು ದುಬಾರಿಯಾದ ನೆಲದಲ್ಲಿ ನಿಂತು ನಾವು ಅದನ್ನೇ ಮಣ್ಣಿಗೆ ಚೆಲ್ಲುತ್ತೇವೆ, ಸೆಂಟ್ರಿಂಗ್ ಹಲಗೆಗೆ ಬಳಿಯುತ್ತೇವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಧಿಕೃತ ಸಂಸ್ಕರಣೆಗೇ ಹೋಗಬೇಕು. ಮುಂದಿನ ಸಲ ಎಣ್ಣೆ ಬದಲಿಸುವಾಗ ಹಳೆಯದನ್ನು ಹೊಸದರ ಖಾಲಿ ಡಬ್ಬಕ್ಕೇ ತುಂಬಿಸಿ, ಮುಚ್ಚಳ ಬಿಗಿಸಿ. ಇದನ್ನು ಯಾರಿಗೆ ಕೊಡುತ್ತೀರಿ ಎಂದು ಗ್ಯಾರೇಜಿನವರನ್ನು ಎದುರಿಗೆ ನಿಂತು ಕೇಳಿ. ಉತ್ತರ ಬರದಿದ್ದರೆ ಡಬ್ಬವನ್ನು ಹಿಡಿದುಕೊಂಡೇ ಪಂಚಾಯ್ತಿ ಕಚೇರಿಗೆ ನಡೆಯಿರಿ.