ಪಾಸಿಟ್ರಾನಿನ ಆಯುಷ್ಯ ಮತ್ತು ಕನ್ನಡ ವಾಕ್ಯ

ಕನ್ನಡದ ಪಾರಿಭಾಷಿಕ ಪದಗಳನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಪದಪಟ್ಟಿಗಳ ಚರ್ಚೆಗಳಾಗಿಯೇ ಉಳಿದಿವೆ. ಪದವು ಸಂಸ್ಕೃತದ್ದಾಗಿರಬೇಕೆ, ಅಚ್ಚಗನ್ನಡದ್ದಾಗಿರಬೇಕೆ ಎಂದು ವಾದಿಸಿ ಅಲ್ಲಿಗೇ ನಿಲ್ಲುತ್ತೇವೆ. ಆದರೆ ಪದದ ಪರೀಕ್ಷೆ ನಡೆಯುವುದು ವಾಕ್ಯದಲ್ಲಿ. ಭೌತವಿಜ್ಞಾನದ ಒಂದು ಮಾಪನವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು.

1932ರಲ್ಲಿ ಕಾರ್ಲ್ ಆ್ಯಂಡರ್ಸನ್ ವಿಶ್ವಕಿರಣಗಳಲ್ಲಿ ಗುರುತಿಸಿದ ಪಾಸಿಟ್ರಾನ್, ಇಲೆಕ್ಟ್ರಾನಿನ ಪ್ರತಿಕಣ. ಸೋಡಿಯಂ-22ರ ಪರಮಾಣು ಪಾಸಿಟ್ರಾನನ್ನು ಹೊರಚೆಲ್ಲಿದ ಕೆಲವೇ ಪಿಕೊಸೆಕೆಂಡುಗಳಲ್ಲಿ 1275 ಕಿಲೊ ಇಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಗ್ಯಾಮಾ ಕಿರಣವೊಂದು ಹೊಮ್ಮುತ್ತದೆ. ಅದು ಹುಟ್ಟಿನ ಸುದ್ದಿ. ಪಾಸಿಟ್ರಾನು ಲೋಹದೊಳಗೆ ಇಲೆಕ್ಟ್ರಾನೊಂದನ್ನು ಸಂಧಿಸಿ ಎರಡೂ ಇಲ್ಲವಾದಾಗ ಸಾಮಾನ್ಯವಾಗಿ 511 ಕಿಲೊ ಇಲೆಕ್ಟ್ರಾನ್‌ವೋಲ್ಟಿನ ಎರಡು ಕಿರಣಗಳು ಹೆಚ್ಚುಕಡಿಮೆ ವಿರುದ್ಧ ದಿಕ್ಕುಗಳಿಗೆ ಹೊರಡುತ್ತವೆ. ಅದು ಸಾವಿನ ಸುದ್ದಿ. ಎರಡರ ನಡುವಣ ಅಂತರವನ್ನು ಲಕ್ಷಾಂತರ ಬಾರಿ ಅಳೆದು, ಯಾವ ಅಂತರ ಎಷ್ಟು ಸಲ ಬಂದಿತೆಂದು ಎಣಿಸಿದರೆ ಆಯುಷ್ಯದ ರೋಹಿತ ದೊರೆಯುತ್ತದೆ. ದೋಷರಹಿತ ಅಲ್ಯೂಮಿನಿಯಂನಲ್ಲಿ ಈ ಆಯುಷ್ಯ ಸುಮಾರು 160 ಪಿಕೊಸೆಕೆಂಡು. ಹರಳಿನಲ್ಲಿ ಪರಮಾಣುವೊಂದರ ಸ್ಥಾನ ತೆರವಾಗಿದ್ದರೆ ಅಲ್ಲಿ ಇಲೆಕ್ಟ್ರಾನುಗಳು ವಿರಳ. ಅಲ್ಲಿ ಸಿಕ್ಕಿಬಿದ್ದ ಪಾಸಿಟ್ರಾನು ಹೆಚ್ಚು ಕಾಲ ಬದುಕುತ್ತದೆ. ಆದ್ದರಿಂದ ದೊರೆತ ವಕ್ರರೇಖೆಯನ್ನು ಹಲವು ಘಾತೀಯ ಕ್ಷಯಗಳ ಮೊತ್ತವೆಂದು ಭಾವಿಸಿ, ಉಪಕರಣದ ಮಸುಕನ್ನೂ ಲೆಕ್ಕಕ್ಕೆ ಹಿಡಿದು, ಬಿಡಿಸಿ ಓದಬೇಕಾಗುತ್ತದೆ.

ಇಷ್ಟನ್ನು ಬರೆಯುವಾಗಲೇ ನಮ್ಮ ಪದಗಳ ಸ್ವಭಾವ ಹೊರಬೀಳುತ್ತದೆ. 'ವರ್ಣಪಟಲ' ಇಲ್ಲಿ ನಿಲ್ಲದು; ಈ ರೇಖೆಯಲ್ಲಿ ವರ್ಣವೂ ಇಲ್ಲ, ಅಡ್ಡಗೆರೆಯ ಮೇಲಿರುವುದು ಕಾಲ. 'ರೋಹಿತ'ದ ಮೂಲದಲ್ಲಿಯೂ ಕೆಂಪು ಬಣ್ಣವಿದೆಯಾದರೂ ಇಂದಿನ ಓದುಗನಿಗೆ ಅದು ಕಾಣಿಸುವುದಿಲ್ಲ; ಅರ್ಥ ಮಾಸಿರುವುದೇ ಅದರ ಬಲ. 'ವಿನಾಶ' ಎಂದರೆ ತಪ್ಪುದಾರಿ ಹಿಡಿದಂತೆ, ಏಕೆಂದರೆ ಇಲ್ಲಿ ಶಕ್ತಿ ನಾಶವಾಗುವುದಿಲ್ಲ, ರೂಪಾಂತರ ಹೊಂದುತ್ತದೆ. ನನಗೆ 'ವಿಲಯ' ಹೆಚ್ಚು ಒಪ್ಪುತ್ತದೆ.

ಎಲ್ಲಕ್ಕಿಂತ ತೊಡಕಿನದು 'ಮಾದರಿ'. ಪ್ರಯೋಗಕ್ಕೆ ಒಡ್ಡಿದ ಲೋಹದ ತುಣುಕೂ ಮಾದರಿ, ಗಣಿತದಲ್ಲಿ ಕಟ್ಟಿಕೊಂಡ ರೂಪವೂ ಮಾದರಿ. "ಮಾದರಿಯಲ್ಲಿ ಅಳೆದುದು ಮಾದರಿಗೆ ಹೊಂದಲಿಲ್ಲ" ಎಂಬ ವಾಕ್ಯ ವ್ಯಾಕರಣಬದ್ಧ, ಆದರೆ ನಿರುಪಯುಕ್ತ. ಪದಪಟ್ಟಿಯಲ್ಲಿ ಈ ದೋಷ ಕಾಣುವುದೇ ಇಲ್ಲ. ಅಲ್ಲಿ ಎರಡು ಇಂಗ್ಲಿಷ್ ಪದಗಳು ಬೇರೆ ಬೇರೆ ಪುಟಗಳಲ್ಲಿ ನೆಮ್ಮದಿಯಾಗಿರುತ್ತವೆ. ಮೊದಲನೆಯದನ್ನು 'ನಮೂನೆ' ಎಂದರೆ ತೊಡಕು ಬಗೆಹರಿಯುತ್ತದೆ, ಕಚೇರಿಯ ಅರ್ಜಿ ನಮೂನೆಯ ನೆನಪು ಬಂದರೂ ಸಹ.

ಬೆಳ್ಳಾವೆ ವೆಂಕಟನಾರಣಪ್ಪನವರ 'ವಿಜ್ಞಾನ' ಪತ್ರಿಕೆ 1918ರಲ್ಲಿಯೇ ಆರಂಭವಾಯಿತು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ನಮ್ಮ ತರಗತಿಗಳಲ್ಲಿ ಇವು ಸಾಹಿತ್ಯಚರಿತ್ರೆಯ ಒಂದು ಸಾಲಾಗಿ ಬಂದುಹೋಗುವುದೇ ಹೆಚ್ಚು. ಗದ್ಯವಾಗಿ ಓದಿಸಿಕೊಳ್ಳುವುದು ಕಡಿಮೆ. ವಿಷಯ ತಿಳಿಯದ ಕನ್ನಡ ಸಂಶೋಧಕರಿಗೆ ಇದರಲ್ಲೇನು ಕೆಲಸ ಎಂಬ ಆಕ್ಷೇಪಣೆ ಸಹಜ. ಘಾತೀಯ ಕ್ಷಯವೆಂದರೇನೆಂದು ನಾನೂ ಭೌತವಿಜ್ಞಾನದ ಸ್ನೇಹಿತರನ್ನು ಕೇಳಿಯೇ ತಿಳಿದೆ. ಆದರೆ ಎರಡು 'ಮಾದರಿ'ಗಳು ಒಂದೇ ವಾಕ್ಯದಲ್ಲಿ ಡಿಕ್ಕಿ ಹೊಡೆದುದು ಅವರ ಗಮನಕ್ಕೆ ಬಂದಿರಲಿಲ್ಲ.