ಕಬ್ಬಿನ ಬಿಲ್ಲಿನಲ್ಲಿ ಮುಪ್ಪಿನ ಪಾಲು

2025ರ ನವೆಂಬರ ತಿಂಗಳ ಆರಂಭದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಹಸ್ರಾರು ರೈತರು ಹಗಲಿರುಳೆನ್ನದೆ ರಸ್ತೆಯ ಮೇಲೆಯೇ ಕುಳಿತು, ಟನ್ನು ಕಬ್ಬಿಗೆ 3,500 ರೂಪಾಯಿ ದೊರೆಯಲೇಬೇಕೆಂದು ಹಟ ಹಿಡಿದುದನ್ನೂ, ರಾಜ್ಯ ಸರಕಾರವು ಮಧ್ಯಸ್ಥಿಕೆ ವಹಿಸಿ 3,300 ರೂಪಾಯಿಗಳ ಸೂತ್ರವನ್ನು ಮುಂದಿಟ್ಟ ಬಳಿಕವೇ ಆ ಚಳವಳಿ ಶಾಂತವಾದುದನ್ನೂ ನಾಡೆಲ್ಲ ಕಂಡಿತು. ಬೆಳೆದವನಿಗೆ ಬೆಳೆಯ ನ್ಯಾಯವಾದ ಬೆಲೆ ಸಲ್ಲಬೇಕೆಂಬುದರಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ. ಆದರೆ ಇಷ್ಟು ಕಷ್ಟಪಟ್ಟು ಹೋರಾಡಿ ಪಡೆದ ಆ ಹಣದಲ್ಲಿ, ಬೆಳೆದವನ ಮುಪ್ಪಿನ ಕಾಲಕ್ಕೆಂದು ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಯಾವ ಸಭೆಯಲ್ಲಿಯೂ ಯಾರೂ ಎತ್ತಿದುದನ್ನು ನಾನು ಕೇಳಿಲ್ಲ.

ಹಿಡಕಲ್ಲಿನ ಜಲಾಶಯದ ನೀರು ಕಾಲುವೆಗಳಲ್ಲಿ ಹರಿದು ಬಂದಂದಿನಿಂದ ಈ ಸೀಮೆಯ ಸಂಸಾರಗಳ ಲೆಕ್ಕವೆಲ್ಲ ಒಂದೇ ಒಂದು ದಿನದ ಕಡೆಗೆ ಮುಖ ಮಾಡಿ ನಿಂತಿದೆ. ಅದು ಕಾರ್ಖಾನೆಯಿಂದ ಬಿಲ್ಲು ಬರುವ ದಿನ. ಗೊಬ್ಬರದಂಗಡಿಯಲ್ಲಿ ಉದ್ರಿ, ಬಟ್ಟೆಯಂಗಡಿಯಲ್ಲಿ ಉದ್ರಿ, ಮಕ್ಕಳ ಶಾಲೆಯಲ್ಲಿಯೂ "ಬಿಲ್ಲ ಬಂದ ಮ್ಯಾಲ ಕೊಡ್ತೇವ್ರಿ" ಎಂಬ ಒಂದೇ ಮಾತು. ಕಬ್ಬು ಪೂರೈಸಿದ ಹದಿನಾಲ್ಕು ದಿನಗಳೊಳಗೆ ಹಣ ಪಾವತಿಯಾಗತಕ್ಕದ್ದೆಂದು 1966ರ ಕಬ್ಬು ನಿಯಂತ್ರಣ ಆಜ್ಞೆಯು ವಿಧಿಸಿದ್ದರೂ, ಆ ಅವಧಿಯನ್ನು ಮೀರಿ ತಿಂಗಳುಗಟ್ಟಲೆ ಕಾದವರ ಸಂಕಟ ಇಲ್ಲಿಯ ಜನರಿಗೆ ಹೊಸದಲ್ಲ. ಕೊನೆಗೆ ಬಂದ ಬಿಲ್ಲಿನಲ್ಲಿಯೂ ಸೊಸಾಯಿಟಿಯ ಸಾಲ ಮೊದಲೇ ಕಡಿತವಾಗಿರುತ್ತದೆ. ಉಳಿದುದು ಉದ್ರಿಯ ಬಾಕಿಗೆ, ಟ್ರ್ಯಾಕ್ಟರಿನ ಕಂತಿಗೆ, ಮಗಳ ಲಗ್ನಕ್ಕೆ, ಅರ್ಧಕ್ಕೆ ನಿಂತ ಮಾಳಿಗೆಗೆ ಹಂಚಿಹೋಗುತ್ತದೆ. ಇವುಗಳಲ್ಲಿ ಯಾವುದೂ ದುಂದುವೆಚ್ಚವೆಂದು ನಾನು ಹೇಳಲಾರೆ. ಆದರೆ ಉದ್ರಿಯ ಬೆಲೆ ನಗದಿನ ಬೆಲೆಗಿಂತ ಹೆಚ್ಚಾಗಿರುವುದೂ, ಆ ಹೆಚ್ಚಳವು ಚೀಟಿಯಲ್ಲಿ ಬಡ್ಡಿಯೆಂದು ಕಾಣಿಸದಿರುವುದೂ ಸತ್ಯ. ಸಹಕಾರ ಸಂಘಗಳಲ್ಲಿ ಐದು ಲಕ್ಷ ರೂಪಾಯಿಯವರೆಗೆ ಬಡ್ಡಿಯಿಲ್ಲದ ಬೆಳೆಸಾಲ ದೊರೆಯುವ ನಮ್ಮ ರಾಜ್ಯದಲ್ಲಿ, ಆ ಸಾಲವನ್ನು ಗಡುವಿನೊಳಗೆ ತೀರಿಸಿ ಗೊಬ್ಬರವನ್ನು ನಗದಿನಿಂದ ಕೊಳ್ಳುವ ರೈತನು ಮೊದಲ ಉಳಿತಾಯವನ್ನು ಅಲ್ಲಿಯೇ ಮಾಡಿಕೊಂಡಿರುತ್ತಾನೆ.

ಇದೇ ಸೀಮೆಯಲ್ಲಿ ಘಟಪ್ರಭೆಯು ಧುಮುಕುವೆಡೆ 1885ರಲ್ಲಿ ಸ್ಥಾಪಿತವಾದ ಗೋಕಾಕ ಮಿಲ್ಲು ಇದೆ. ಅಂಥ ಕಾರ್ಖಾನೆಗಳಲ್ಲಿ ದುಡಿಯುವವನ ಸಂಬಳದಿಂದ ಭವಿಷ್ಯನಿಧಿಯ ನಿಯಮದ ಮೇರೆಗೆ, ಅವನು ಇಚ್ಛಿಸಲಿ ಬಿಡಲಿ, ನೂರಕ್ಕೆ ಹನ್ನೆರಡು ಪಾಲು ಕಡಿತವಾಗುತ್ತದೆ. ಮಾಲಿಕನು ಅಷ್ಟನ್ನೇ ಸೇರಿಸುತ್ತಾನೆ. ಅದರಿಂದ ಮುಂದೆ ಬರುವ ಪಿಂಚಣಿ ದೊಡ್ಡದೆಂದು ಹೇಳುವಂತಿಲ್ಲ; 2014ರಲ್ಲಿ ಗೊತ್ತುಪಡಿಸಿದ ಅದರ ಕನಿಷ್ಠ ಮೊತ್ತ ತಿಂಗಳಿಗೆ ಒಂದು ಸಾವಿರ ರೂಪಾಯಿ ಮಾತ್ರ. ಆದರೂ ಹಣವು ಕೈಗೆ ಬರುವ ಮೊದಲೇ ಅದರಲ್ಲಿ ಮುಪ್ಪಿನ ಪಾಲನ್ನು ಬೇರೆ ತೆಗೆದಿರಿಸುವ ಆ ಕ್ರಮದಲ್ಲಿ ಒಂದು ಮಹತ್ತಾದ ವಿವೇಕವಿದೆ. ಮಿಲ್ಲಿನ ಗೋಡೆಯಾಚೆಯ ಹೊಲದಲ್ಲಿ ಅಷ್ಟೇ ಬೆವರು ಸುರಿಸುವ ರೈತನಿಗೆ ಈ ಕ್ರಮವಿಲ್ಲ. ಅವನ ಬಿಲ್ಲಿನಲ್ಲಿ ಸಾಲಕ್ಕೆ ಕಡಿತವುಂಟು, ವೃದ್ಧಾಪ್ಯಕ್ಕೆ ಇಲ್ಲ.

ಹೊಲವೇ ನಮ್ಮ ಪಿಂಚಣಿಯೆಂದು ಹಿರಿಯರು ನಂಬಿದ್ದರು. ಹತ್ತೆಕರೆಯ ಒಟ್ಟು ಮನೆಯಲ್ಲಿ ಆ ನಂಬಿಕೆ ಸರಿಯಾಗಿಯೂ ಇದ್ದಿತು. ಎರಡು ತಲೆಮಾರುಗಳ ವಾಟ್ನಿಯಾಗಿ ಉತಾರದಲ್ಲಿ ಒಬ್ಬೊಬ್ಬರ ಹೆಸರಿಗೆ ಎರಡೆರಡೇ ಎಕರೆ ಉಳಿದಿರುವಾಗ, ಹಿರಿಯ ಮಗ ಪುಣೆಯಲ್ಲಿಯೋ ಬೆಳಗಾವಿಯಲ್ಲಿಯೋ ನೌಕರಿಗೆ ನಿಂತಿರುವಾಗ, ಅರವತ್ತು ದಾಟಿದ ಮೇಲೆ ಕಬ್ಬಿಗೆ ನೀರು ಹಾಯಿಸಲು ರಾತ್ರಿಯ ಕರೆಂಟಿಗಾಗಿ ಎದ್ದು ಹೋಗುವ ದೇಹಶಕ್ತಿ ಯಾರಿಗೆ ಉಳಿದೀತು? ಹೊಲವನ್ನು ಲಾವಣಿಗೆ ಕೊಡಬಹುದು. ಆದರೆ ಎರಡೆಕರೆಯ ಲಾವಣಿಯಿಂದ ಔಷಧದ ಖರ್ಚು ಹೊರಟರೆ ಅದೇ ದೊಡ್ಡದು.

ವರ್ಷಕ್ಕೊಮ್ಮೆ ಹಣ ಕಾಣುವವನಿಗೆ ತಿಂಗಳ ಕಂತಿನ ಯೋಜನೆಗಳು ಹೊಂದುವುದಿಲ್ಲವೆಂಬ ಆಕ್ಷೇಪಣೆ ನಿಜವಾದುದೇ. ಆದರೆ 1968ರಿಂದ ನಡೆದು ಬಂದಿರುವ ಸಾರ್ವಜನಿಕ ಭವಿಷ್ಯನಿಧಿಯ (ಪಿಪಿಎಫ್) ಖಾತೆಯು ಕಬ್ಬು ಬೆಳೆಗಾರನಿಗಾಗಿಯೇ ರಚಿತವಾಯಿತೋ ಎಂಬಷ್ಟು ಅವನ ವರ್ಷಮಾನಕ್ಕೆ ಒಪ್ಪುತ್ತದೆ. ಅದನ್ನು ಅಂಚೆ ಕಚೇರಿಯಲ್ಲಿ ತೆರೆಯಬಹುದು. ವರ್ಷಕ್ಕೆ ಐದುನೂರು ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಒಂದೇ ಗಂಟಾಗಿ ಕಟ್ಟಬಹುದು. ಪ್ರತಿ ತಿಂಗಳ ಐದನೆಯ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಬಡ್ಡಿಯನ್ನು ಎಣಿಸುವುದರಿಂದ, ಏಪ್ರಿಲ್ 5ರೊಳಗೆ ಹಣ ಕಟ್ಟಿದವನಿಗೆ ಇಡೀ ವರ್ಷದ ಬಡ್ಡಿ ಬರುತ್ತದೆ. ಹಂಗಾಮು ಮುಗಿದು ಬಿಲ್ಲುಗಳು ಜಮೆಯಾಗುವ ಕಾಲವೂ ಹೆಚ್ಚುಕಡಿಮೆ ಅದೇ. ಎಕರೆಗೆ ನಲವತ್ತು ಟನ್ನು ಬೆಳೆದು 3,300ರ ದರ ಸಿಕ್ಕಿತೆಂದು ಹಿಡಿದರೆ ಎರಡೆಕರೆಯ ಬಿಲ್ಲು 2,64,000 ರೂಪಾಯಿಯಾಗುತ್ತದೆ. ಅದರಲ್ಲಿ ಇಪ್ಪತ್ತು ಸಾವಿರವನ್ನು, ಅಂದರೆ ಹದಿಮೂರರಲ್ಲಿ ಒಂದು ಪಾಲನ್ನು, ಪ್ರತಿವರ್ಷ ಹೀಗೆ ಕಟ್ಟುತ್ತ ಹೋದರೆ, 2020ರಿಂದ ನಡೆದಿರುವ ನೂರಕ್ಕೆ 7.1ರ ಬಡ್ಡಿಯೇ ಮುಂದುವರಿದಲ್ಲಿ, ಹದಿನೈದು ವರ್ಷಗಳಿಗೆ ಕಟ್ಟಿದ ಮೂರು ಲಕ್ಷವು ಸುಮಾರು 5 ಲಕ್ಷ 42 ಸಾವಿರವಾಗಿ ನಿಲ್ಲುತ್ತದೆ. ಸಾಲ ಕೊಟ್ಟವರು ನ್ಯಾಯಾಲಯದ ಡಿಕ್ರಿಯಿಂದಲೂ ಈ ಖಾತೆಯನ್ನು ಜಪ್ತಿ ಮಾಡಿಸುವಂತಿಲ್ಲವೆಂಬ ಅಂಶವನ್ನು ಋಣಭಾರದಲ್ಲಿ ಬಾಳುವ ಜನ ವಿಶೇಷವಾಗಿ ಗಮನಿಸಬೇಕು. ನಲವತ್ತು ವರ್ಷ ಮೀರದ, ಎರಡು ಹೆಕ್ಟೇರಿನೊಳಗಿನ ಹಿಡುವಳಿಯ ರೈತರಿಗೆ 2019ರ ಕಿಸಾನ್ ಮಾನಧನ ಯೋಜನೆಯೂ ಉಂಟು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಕೇಂದ್ರ ಸರಕಾರವು ಅಷ್ಟನ್ನೇ ಕೂಡಿಸಿ, ಅರವತ್ತರ ಮೇಲೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ.

ಹಣವನ್ನು ಎಲ್ಲಿ ಇಡಬೇಕೆಂಬುದು ಎಷ್ಟು ಇಡಬೇಕೆಂಬುದರಷ್ಟೇ ಗುರುತರವಾದ ಪ್ರಶ್ನೆ. ಸಹಕಾರವು ಈ ಮಣ್ಣಿನ ಗುಣ. 1969ರಲ್ಲಿ ಜನ್ಮ ತಳೆದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ತಾಲೂಕಿನ ಮನೆಮನೆಗೆ ಬೆಳಕು ಮುಟ್ಟಿಸಿದ ಸಾಧನೆಯನ್ನು ನೆನೆದಾಗ ಅಭಿಮಾನ ಮೂಡದಿರದು. ಆ ವಿಶ್ವಾಸದಿಂದಲೇ ನಮ್ಮ ಜನ ಹೆಚ್ಚು ಬಡ್ಡಿಯ ಆಸೆಗೆ ಪತ್ತಿನ ಸಂಘಗಳಲ್ಲಿ, ಸೌಹಾರ್ದ ಸಹಕಾರಿಗಳಲ್ಲಿ ಇಡಿಯ ಜೀವಮಾನದ ಗಳಿಕೆಯನ್ನು ಇಡುತ್ತಾರೆ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕುಗಳದೂ ಸೇರಿ, ಐದು ಲಕ್ಷದವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. ಈ ಸಂಘಗಳ ಠೇವಣಿಗೆ ಅದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿದಾಗ ಅಲ್ಲಿ ಹಣವಿಟ್ಟ ಅನೇಕ ನಿವೃತ್ತರು ಮೊದಲಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯಲಾರದೆ ಕಂಗಾಲಾದರು. ಅದು ಬ್ಯಾಂಕಾಗಿದ್ದುದರಿಂದ ಮುಂದೆ ವಿಮೆಯ ಆಸರೆಯಾದರೂ ಇದ್ದಿತು. 1928ರಲ್ಲಿ ಟಿ. ಎಂ. ಎ. ಪೈಗಳ ಬ್ಯಾಂಕು ದಿನಕ್ಕೆರಡಾಣೆಯಿಂದ ಆರಂಭಿಸಿದ ಪಿಗ್ಮಿಯು ಗೋಕಾಕದ ಕರದಂಟಿನ ಅಂಗಡಿಯವನಿಗೂ ಸಂತೆಯ ಕಾಯಿಪಲ್ಲೆಯ ಅಕ್ಕನಿಗೂ ಉಳಿತಾಯದ ಶಿಸ್ತನ್ನು ಕಲಿಸಿದೆ. ಅದು ವರ್ಷದೊಳಗಿನ ಅಗತ್ಯಕ್ಕೆ ಒಳ್ಳೆಯದು, ಮುಪ್ಪಿನ ಗಂಟಿಗೆ ತಕ್ಕುದಲ್ಲ.

ತೆರಿಗೆಯ ವಿಷಯದಲ್ಲಿಯೂ ಒಂದು ಭ್ರಾಂತಿ ಬೇರೂರಿದೆ. ಕೃಷಿಯ ಆದಾಯಕ್ಕೆ ಆದಾಯ ತೆರಿಗೆಯಿಲ್ಲವೆಂಬುದರಿಂದ ತಮಗೆ ಲೆಕ್ಕವೂ ಬೇಡ, ಕಾಗದವೂ ಬೇಡವೆಂದು ಬಹುಜನ ಭಾವಿಸಿದ್ದಾರೆ. ಕಬ್ಬಿನ ಹಣವನ್ನು ಠೇವಣಿಯಿಟ್ಟರೆ ಬರುವ ಬಡ್ಡಿಯು ಕೃಷಿಯ ಆದಾಯವಲ್ಲ. ಪೇಟೆಯ ಅಂಗಡಿಯ ಬಾಡಿಗೆಯೂ ಅಲ್ಲ. ಮನೆಯಲ್ಲಿ ಶಿಕ್ಷಕರೊಬ್ಬರಿದ್ದು ಅವರ ಹೆಸರಿನಲ್ಲಿಯೇ ಹೊಲವಿದ್ದರೆ, ಸಂಬಳದ ಮೇಲಿನ ತೆರಿಗೆಯ ದರವನ್ನು ನಿರ್ಧರಿಸುವಾಗ ಆ ಹೊಲದ ಆದಾಯವನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ಪ್ರತಿ ಬಿಲ್ಲನ್ನೂ ಜೋಪಾನವಾಗಿಟ್ಟು ವರ್ಷವರ್ಷ ವಿವರಪತ್ರ ಸಲ್ಲಿಸಿದವನಿಗೆ, ಮಗಳ ವಿದ್ಯಾಭ್ಯಾಸದ ಸಾಲ ಕೇಳುವ ದಿನ ಆ ಕಾಗದಗಳೇ ಸಾಕ್ಷಿ ನುಡಿಯುತ್ತವೆ.

ಸಂಕೇಶ್ವರದ ಹಿರಣ್ಯಕೇಶಿ, ಘಟಪ್ರಭಾ ಮೊದಲಾದ ಸಹಕಾರಿ ಕಾರ್ಖಾನೆಗಳ ಆಡಳಿತ ಮಂಡಳಿಗಳಲ್ಲಿಯೂ ಖಾಸಗಿ ಕಾರ್ಖಾನೆಗಳಲ್ಲಿಯೂ ನನ್ನ ವಿನಂತಿಯಿದು: ಸಾಲದ ಕಂತನ್ನು ಬಿಲ್ಲಿನಲ್ಲಿ ಕಡಿಯುವ ಏರ್ಪಾಟು ನಿಮ್ಮಲ್ಲಿ ಈಗಾಗಲೇ ಇರುವುದರಿಂದ, ರೈತನ ಲಿಖಿತ ಒಪ್ಪಿಗೆ ಪಡೆದು ಅವನು ಹೇಳಿದಷ್ಟು ಹಣವನ್ನು ಏಪ್ರಿಲ್ 5ರೊಳಗೆ ಅವನ ಪಿಪಿಎಫ್ ಖಾತೆಗೆ ನೇರವಾಗಿ ಕಳಿಸುವ ಏರ್ಪಾಟನ್ನೂ ಮಾಡಿರಿ. ರೈತ ಸಂಘದ ಮುಖಂಡರು ಮುಂದಿನ ಹಂಗಾಮಿನಲ್ಲಿ ದರದ ಮಾತಿಗೆ ಕುಳಿತಾಗ ಇದನ್ನೂ ಬೇಡಿಕೆಯಲ್ಲಿ ಸೇರಿಸಲಿ. ನಾಟಿಯ ನೋಂದಣಿಗೆಂದು ಫೀಲ್ಡ್‌ಮನ್ನರು ಹೊಲಕ್ಕೆ ಬರುವ ದಿನವೇ ಆ ಒಪ್ಪಿಗೆ ಪತ್ರವನ್ನು ಬರೆಸಿಕೊಳ್ಳಬಹುದು. ಆಗ ಗಂಡನ ಖಾತೆಯ ಸಂಖ್ಯೆಯ ಕೆಳಗೆ, ಅದೇ ಕಬ್ಬಿನಲ್ಲಿ ಕಳೆ ತೆಗೆದ ಹೆಂಡತಿಯ ಖಾತೆಯ ಸಂಖ್ಯೆಗೂ ಒಂದು ಸಾಲು ಬಿಟ್ಟಿರತಕ್ಕದ್ದು.