ಭಾವಚಿತ್ರದ ವೇಷ

ಶಾಲೆಯ ಕೊನೆಯ ವರ್ಷದ ಭಾವಚಿತ್ರಕ್ಕೆ ಅಮೆರಿಕದಲ್ಲಿ ಇರುವ ಮಹತ್ವ ನಮಗೆ ಸುಲಭವಾಗಿ ಮನಗಾಣುವಂಥದಲ್ಲ. ನಮ್ಮಲ್ಲಿ ಅಧ್ಯಾಪಕರನ್ನು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂರಿಸಿ, ಹಿಂದೆ ಬೆಂಚುಗಳ ಮೇಲೆ ಮಕ್ಕಳನ್ನು ನಿಲ್ಲಿಸಿ ಒಂದು ಗುಂಪುಚಿತ್ರ ತೆಗೆಸಿದರೆ ತೀರಿತು. ಅಲ್ಲಿ ಒಬ್ಬೊಬ್ಬರದೂ ಬೇರೆ ಚಿತ್ರ. ಅದು ಹೆಸರಿನೊಡನೆ ಶಾಲೆಯ ವಾರ್ಷಿಕ ಸಂಪುಟದಲ್ಲಿ ಅಚ್ಚಾಗಿ, ಮನೆಯ ಕಪಾಟಿನಲ್ಲಿ ಮುಪ್ಪಿನವರೆಗೂ ಉಳಿಯುತ್ತದೆ.

ಈ ಚಿತ್ರಕ್ಕೆ ಎಷ್ಟೋ ಶಾಲೆಗಳು ಎರಡು ವೇಷಗಳನ್ನು ಗೊತ್ತುಮಾಡಿವೆ. ಹುಡುಗರಿಗೆ ಟಕ್ಸೀಡೊ ಎಂಬ ಕಪ್ಪು ಕೋಟು, ಬಿಳಿಯ ಅಂಗಿ, ಕೊರಳಿಗೆ ಬೋ. ಹುಡುಗಿಯರಿಗೆ ಹೆಗಲನ್ನು ತೆರೆದಿಟ್ಟು ಎದೆಯನ್ನು ಬಳಸುವ 'ಡ್ರೇಪ್'. ಇದನ್ನು ಉಡುಪೆನ್ನುವುದೂ ಕಷ್ಟವೇ. ಛಾಯಾಗ್ರಾಹಕನ ಬಳಿಯಿರುವ ಬಟ್ಟೆಯೇ ಒಬ್ಬಳ ಮೈಯಿಂದ ಇನ್ನೊಬ್ಬಳ ಮೈಗೆ ಹೋಗುತ್ತದೆ. ಬೆನ್ನ ಹಿಂದೆ ಬಿಗಿದರೆ ಅಲಂಕಾರ ಮುಗಿಯಿತು. ಯಕ್ಷಗಾನದ ಚೌಕಿಯಲ್ಲಿ ಕಟ್ಟುವ ವೇಷಕ್ಕಾದರೂ ಇದಕ್ಕಿಂತ ಹೆಚ್ಚು ಬಟ್ಟೆಯುಂಟು. ಅಲ್ಲಿ ಗಂಡಸು ಹೆಣ್ಣಾಗಿ ಬಂದರೆ ಸಭೆ ತಲೆದೂಗುತ್ತದೆಂಬುದನ್ನೂ ಇಲ್ಲಿ ನೆನೆಯಬಹುದು.

ಮಿಸಿಸಿಪಿ ರಾಜ್ಯದ ವೆಸ್ಸನ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗೆ ಓದಿದ ವಿದ್ಯಾರ್ಥಿನಿಯೊಬ್ಬಳು, ಡ್ರೇಪ್ ತನಗೆ ಒಗ್ಗದೆಂದು, 2009ರಲ್ಲಿ ತಾಯಿಯ ಸಮ್ಮತಿಯಿಂದಲೇ ಟಕ್ಸೀಡೊ ತೊಟ್ಟು ಚಿತ್ರ ತೆಗೆಸಿಕೊಂಡಳು. ಶಾಲೆ ಒಪ್ಪಲಿಲ್ಲ. 2010ರ ಸಂಪುಟ ಹೊರಬಂದಾಗ ಸಹಪಾಠಿಗಳ ಭಾವಚಿತ್ರಗಳ ನಡುವೆ ಅವಳ ಚಿತ್ರವಿರಲಿಲ್ಲ, ಹೆಸರೂ ಇರಲಿಲ್ಲ. ಚಿತ್ರವನ್ನು ಬಿಟ್ಟದ್ದಕ್ಕೆ ನಿಯಮದ ನೆಪವಾದರೂ ಇತ್ತು. ಹೆಸರು ಯಾವ ಬಟ್ಟೆ ತೊಟ್ಟಿತ್ತು?

ಹಾಗಾದರೆ ಶಾಲೆಗೆ ಶಿಸ್ತು ಬೇಡವೆ ಎಂದು ಉಪಾಧ್ಯಾಯ ಮಿತ್ರರು ಕೇಳಬಹುದು. ಬೇಕು. ಸಮವಸ್ತ್ರವನ್ನು ನಾನು ಹಳಿಯುವವನಲ್ಲ. ಬಡವ ಬಲ್ಲಿದರ ಭೇದವನ್ನು ಅದು ತರಗತಿಯ ಮಟ್ಟಿಗಾದರೂ ಮರೆಸುತ್ತದೆ. ಆದರೆ ಭಾವಚಿತ್ರದ ಕೆಲಸ ಬೇರೆ. ಹಾಜರಿಪುಸ್ತಕದ ಹಾಗೆ ಅದೊಂದು ದಾಖಲೆ: ಇಂಥವರು ಇಲ್ಲಿದ್ದರು, ಹೀಗಿದ್ದರು ಎಂದು ಹೇಳಬೇಕಾದದ್ದು. ಇದ್ದವಳನ್ನು ಇರಲಿಲ್ಲವೆನ್ನುವ ದಾಖಲೆಯಿಂದ ಯಾವ ಶಿಸ್ತು ಬೆಳೆದೀತು? ಆ ಹುಡುಗಿಯ ಕೋಟಿನಲ್ಲಿ ಅಸಭ್ಯವಾದದ್ದೇನೂ ಇರಲಿಲ್ಲ. ಅದೇ ಕೋಟು ಪಕ್ಕದ ಹುಡುಗನ ಮೈಮೇಲೆ ಮರ್ಯಾದೆಯ ಗುರುತಾಗಿತ್ತು.

ದಾಖಲೆಯನ್ನು ತಿದ್ದುವ ಚಪಲ ಅಲ್ಲಿಗೇ ನಿಲ್ಲಲಿಲ್ಲ. 2021ರಲ್ಲಿ ಫ್ಲಾರಿಡಾದ ಸೇಂಟ್ ಜಾನ್ಸ್ ಕೌಂಟಿಯ ಪ್ರೌಢಶಾಲೆಯೊಂದು 80 ಹುಡುಗಿಯರ ಚಿತ್ರಗಳಲ್ಲಿ ಎದೆಯ ಭಾಗಕ್ಕೆ ಕಂಪ್ಯೂಟರಿನಿಂದ ತೇಪೆ ಹಾಕಿ ಅಚ್ಚುಮಾಡಿತು. ಈಜುಚಡ್ಡಿಯಲ್ಲಿ ನಿಂತ ಹುಡುಗರು ಮಾತ್ರ ಇದ್ದ ಹಾಗೆಯೇ ಇದ್ದರು. ಒಂದು ಕಡೆ ಹೆಗಲು ತೆರೆಯದಿದ್ದರೆ ತಪ್ಪು, ಇನ್ನೊಂದು ಕಡೆ ಕೊರಳಿನ ಕೆಳಗೆ ಕಂಡರೆ ತಪ್ಪು!

ನಮ್ಮ ಕಾಲೇಜುಗಳಲ್ಲಿಯೂ ಬೀಳ್ಕೊಡುಗೆಯ ದಿನ ಹುಡುಗಿಯರು ಸೀರೆ, ಹುಡುಗರು ಪಂಚೆ ಉಟ್ಟು ಚಿತ್ರಕ್ಕೆ ನಿಲ್ಲುತ್ತಾರೆ. ಅವರೇ ಕೂಡಿ ಆಡಿಕೊಂಡ ಸಂಭ್ರಮ ಅದು, ಚೆಂದವೂ ಹೌದು. ಆದರೆ ಒಬ್ಬಳು ಪಂಚೆ ಶಲ್ಯದಲ್ಲಿ ಬಂದರೆ ಅವಳನ್ನು ಸಾಲಿನಿಂದ ಹೊರಗೆ ಕರೆಯುವೆವೊ ಇಲ್ಲವೊ ಎಂಬ ಪ್ರಶ್ನೆಯನ್ನು ಅಧ್ಯಾಪಕರಾದ ನಾವು ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ವೆಸ್ಸನ್ನಿನ ವಿದ್ಯಾರ್ಥಿನಿ 2010ರಲ್ಲಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ನಿನ ನೆರವಿನಿಂದ ಫೆಡರಲ್ ನ್ಯಾಯಾಲಯಕ್ಕೆ ಹೋದಳು. ಸಂವಿಧಾನದ 14ನೆಯ ತಿದ್ದುಪಡಿಯ ಸಮಾನ ರಕ್ಷಣೆ, ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ 1972ರ ಕಾನೂನು ಇವೆರಡೂ ಅವಳ ಆಧಾರಗಳು. 2011ರಲ್ಲಿ ರಾಜಿಯಾಯಿತು. ಇನ್ನು ಮುಂದೆ ಹುಡುಗ ಹುಡುಗಿಯೆನ್ನದೆ ಎಲ್ಲರೂ ಪದವಿಯ ಗೌನು ಟೊಪ್ಪಿಗೆಗಳಲ್ಲಿಯೇ ಚಿತ್ರ ತೆಗೆಸಿಕೊಳ್ಳತಕ್ಕದ್ದೆಂದು ಶಾಲಾಡಳಿತ ಒಪ್ಪಿತು. ಜಾಣ ಪರಿಹಾರವೇ, ಆದರೆ ಹುಡುಗಿ ಕೋಟು ತೊಡಬಹುದೆಂದು ಬಾಯಿಬಿಟ್ಟು ಹೇಳುವ ಕಷ್ಟವನ್ನು ಅದು ತಪ್ಪಿಸಿಕೊಂಡಿತೆಂದೇ ನನಗೆ ತೋರುತ್ತದೆ. ಶಾಲೆಯಲ್ಲಿ ತೂಗುಹಾಕಿದ ಆ ವರ್ಷದವರ ಚಿತ್ರಗಳ ನಡುವೆ ಅವಳ ಟಕ್ಸೀಡೊ ಚಿತ್ರವನ್ನು ಸೇರಿಸುವುದಕ್ಕೂ ಒಪ್ಪಿಗೆಯಾಯಿತು. 2010ರಲ್ಲಿ ಅಚ್ಚಾಗಿ ಸಹಪಾಠಿಗಳ ಮನೆ ಸೇರಿದ ಸಂಪುಟಗಳಲ್ಲಿ ಮಾತ್ರ ಆ ಸ್ಥಳ ಹಾಗೆಯೇ ಇದೆ.